ಮೂಳೆಗೆ ಹೆಸರು ಕೊಡುವ ಮುನ್ನ

ಪತ್ರಿಕೆಗಳ ಜಿಲ್ಲಾ ಪುಟದ ಮೂಲೆಯಲ್ಲಿ ಆಗಾಗ ಒಂದು ಪುಟ್ಟ ಪ್ರಕಟಣೆ ಬರುತ್ತದೆ: ‘ಅಪರಿಚಿತ ಶವ ಪತ್ತೆ’. ಕೆಳಗೆ ಚಹರೆ ಪಟ್ಟಿ. ವಯಸ್ಸು ಸುಮಾರು 45, ಐದೂವರೆ ಅಡಿ ಎತ್ತರ, ಕೋಲು ಮುಖ, ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು, ಬಲಗೈ ಮೇಲೆ ಹಚ್ಚೆ, ಚೌಕಳಿ ಲುಂಗಿ. ವಾರಸುದಾರರಿದ್ದಲ್ಲಿ ಠಾಣೆಯನ್ನು ಸಂಪರ್ಕಿಸಬೇಕೆಂದು ಕೋರಿಕೆ. ಕಪಿಲೆಯ ದಡದ ನಂಜನಗೂಡು, ಕಪಿಲೆ ಕಾವೇರಿಯನ್ನು ಕೂಡುವ ತಿ.ನರಸೀಪುರ, ಈ ಎರಡೂ ಕಡೆಯ ಓದುಗರಿಗೆ ಈ ಒಕ್ಕಣೆ ಚೆನ್ನಾಗಿ ಗೊತ್ತು. ಹೊಳೆ, ನಾಲೆ, ಸ್ನಾನಘಟ್ಟ, ಎಲ್ಲೆಲ್ಲಿಂದಲೋ ಬರುವ ಯಾತ್ರಿಕರು ಇರುವ ಊರುಗಳಿವು. ಇಲ್ಲಿ ಸಿಕ್ಕ ಶವ ಇಲ್ಲಿಯವರದೇ ಆಗಿರಬೇಕೆಂದಿಲ್ಲ. ಮೇಲಿನ ಯಾವುದೋ ಊರಲ್ಲಿ ನೀರಿಗೆ ಬಿದ್ದವರು ಇಲ್ಲಿ ದಡ ಸೇರಿರಬಹುದು.

ಆ ಚಹರೆ ಪಟ್ಟಿಯ ಬಹುಪಾಲು ಚರ್ಮ, ಮಾಂಸ, ಬಟ್ಟೆಯನ್ನು ನೆಚ್ಚಿಕೊಂಡಿದೆ. ನಮ್ಮ ಸೆಕೆಗೆ, ಮಳೆಗೆ, ನಾಯಿ ನರಿಗಳ ಬಾಯಿಗೆ ಸಿಕ್ಕ ದೇಹ ಬಯಲಲ್ಲಿ ಕೆಲವೇ ವಾರಗಳಲ್ಲಿ ಅಸ್ಥಿಪಂಜರವಾಗಬಲ್ಲದು. ಆಗ ಕೋಲು ಮುಖವೂ ಇಲ್ಲ, ಎಣ್ಣೆಗೆಂಪು ಬಣ್ಣವೂ ಇಲ್ಲ. ಕಬ್ಬಿನ ಗದ್ದೆಯ ಬದುವಿನಲ್ಲೋ, ನಾಲೆಯ ಏರಿಯ ಪೊದೆಯಲ್ಲೋ, ಮನೆ ಕಟ್ಟಲು ತೆಗೆದ ಪಾಯದಲ್ಲೋ ಮೂಳೆ ಕಂಡಿತೆಂದು ಫೋನು ಬಂದಾಗ ಠಾಣೆಯ ಪಿಎಸ್‌ಐ ಎದುರಿಗಿರುವ ಪ್ರಶ್ನೆ ಬೇರೆಯೇ. ಅದಕ್ಕೆ ಉತ್ತರ ಹುಡುಕುವ ವಿದ್ಯೆ ವಿಧಿವಿಜ್ಞಾನ ಮಾನವಶಾಸ್ತ್ರ. ಈ ವಿದ್ಯೆ ಏನು ಹೇಳಬಲ್ಲದು ಎನ್ನುವುದರಷ್ಟೇ ಏನು ಹೇಳಲಾರದು ಎನ್ನುವುದೂ ಮುಖ್ಯ. ಸತ್ತವರು ಎಂಥವರು ಎಂದು ಮೂಳೆ ಬಹಳಷ್ಟು ಹೇಳುತ್ತದೆ. ಯಾರು ಎಂದು ಅದು ತಾನಾಗಿ ಎಂದೂ ಹೇಳುವುದಿಲ್ಲ. ಹೆಸರು ಬರುವುದು ಬದುಕಿರುವವರ ಕಡೆಯಿಂದ. ಈ ವ್ಯತ್ಯಾಸ ಮರೆತಾಗ ಏನಾಗುತ್ತದೆ ಎನ್ನುವುದಕ್ಕೆ ನಮ್ಮ ಮೈಸೂರು ಜಿಲ್ಲೆಯೇ ಸಾಕ್ಷಿಯಾಗಿದೆ. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೊದಲು ಕೇಳಬೇಕಾದ್ದು, ಇದು ಮನುಷ್ಯನ ಮೂಳೆಯೇ? ಇಡೀ ತಲೆಬುರುಡೆ ಸಿಕ್ಕರೆ ಯಾರಿಗೂ ಸಂಶಯವಿಲ್ಲ. ಪಕ್ಕೆಲುಬಿನ ಚೂರು, ಬೆನ್ನಿನ ಮಣಿ, ಬೆರಳಿನ ಗೆಣ್ಣು ಮಾತ್ರ ಸಿಕ್ಕಾಗ ಕುರಿ, ಹಂದಿ, ನಾಯಿಯ ಮೂಳೆ ಅನುಭವಿಗಳನ್ನೂ ಒಂದು ಕ್ಷಣ ತಡೆಯುತ್ತದೆ. ಚರ್ಮ ಉಗುರು ಕಳಚಿದ ಕರಡಿಯ ಪಂಜ ಮನುಷ್ಯನ ಅಂಗೈ ಅಂಗಾಲಿನಂತೆಯೇ ಕಾಣುತ್ತದೆ. ಇದು ಪಠ್ಯಪುಸ್ತಕಗಳಲ್ಲಿ ತಪ್ಪದೆ ಬರುವ ಎಚ್ಚರಿಕೆ. ನಂಜನಗೂಡು ತಾಲ್ಲೂಕಿನ ಒಂದು ಅಂಚು ಬಂಡೀಪುರದ ಕಾಡಿಗೆ ತಾಗಿರುವುದರಿಂದ ಇದು ನಮಗೆ ದೂರದ ಮಾತೇನಲ್ಲ. ಕಾಡುಪ್ರಾಣಿಯ ವಿಷಯ ಇನ್ನೊಂದು ರೀತಿಯಲ್ಲೂ ಬರುತ್ತದೆ. 2022–23ರಲ್ಲಿ ತಿ.ನರಸೀಪುರ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ನಾಲ್ವರು ಬಲಿಯಾದರು. ಮೂಳೆಯ ಮೇಲಿನ ಗೀರು ಚಿರತೆಯ ಕೋರೆಹಲ್ಲಿನದೋ, ನಾಯಿ ಕಡಿದದ್ದೋ, ಮಚ್ಚಿನ ಏಟೋ ಎಂದು ವಿಂಗಡಿಸುವುದೂ ಇದೇ ತಜ್ಞರ ಕೆಲಸ. ಹಲ್ಲು ಮೂಳೆಯಲ್ಲಿ ಗುಳಿ ಮಾಡುತ್ತದೆ, ತುದಿಗಳನ್ನು ಅಗಿದು ಸವೆಸುತ್ತದೆ. ಹರಿತವಾದ ಲೋಹ ನೇರವಾದ, ಅಂಚು ಚೂಪಾದ ಗೀರು ಬಿಡುತ್ತದೆ. ಬರಿಗಣ್ಣಿಗೆ ಕಾಣದ್ದನ್ನು ಸೂಕ್ಷ್ಮದರ್ಶಕ ತೋರಿಸುತ್ತದೆ.

ಮನುಷ್ಯನದೇ ಎಂದಾದ ಮೇಲೆ ಎರಡನೆಯ ಪ್ರಶ್ನೆ: ಯಾವ ಕಾಲದ್ದು? ತಿ.ನರಸೀಪುರದಲ್ಲಿ ಈ ಪ್ರಶ್ನೆಗೆ ವಿಶೇಷ ತೂಕವಿದೆ. ಸಂಗಮದ ದಂಡೆಯಲ್ಲಿ 1959ರಲ್ಲಿ ಆರಂಭವಾಗಿ 1960ರ ದಶಕದಲ್ಲೂ ಮುಂದುವರಿದ ಉತ್ಖನನದಲ್ಲಿ ಹೊಸ ಶಿಲಾಯುಗದ ನೆಲೆಯೊಂದು ಬೆಳಕಿಗೆ ಬಂತು. ಎಂ. ಶೇಷಾದ್ರಿಯವರ ಉತ್ಖನನ ವರದಿ 1971ರಲ್ಲಿ ಪ್ರಕಟವಾಯಿತು. ಅಲ್ಲಿ ಸಿಕ್ಕ ಸುಟ್ಟಮಣ್ಣಿನ ತಲೆದಿಂಬುಗಳು ಪುರಾತತ್ವ ಬಲ್ಲವರಲ್ಲಿ ಇಂದಿಗೂ ಹೆಸರುವಾಸಿ. ಹತ್ತಿರದ ಹೆಮ್ಮಿಗೆಯಲ್ಲೂ ಅಂಥವು ಸಿಕ್ಕಿವೆ. ಇಂಗಾಲದ ಕಾಲನಿರ್ಣಯದಂತೆ ಈ ನೆಲೆ ಸುಮಾರು 3,500 ವರ್ಷದಷ್ಟು ಹಳೆಯದು. ಅದರ ಮೇಲಿನ ಪದರದಲ್ಲಿ ಬೃಹತ್ ಶಿಲಾಯುಗದವರು ಬಾಳಿದ್ದರು. ಅಂದರೆ ಈ ದಂಡೆಯ ಮಣ್ಣಿನಲ್ಲಿ ಮೂಳೆ ಕಂಡಿತೆಂದರೆ ಅದು ಹೋದ ವರ್ಷದ ಕೊಲೆಯೂ ಇರಬಹುದು, ರಾಜವಂಶಗಳ ಹೆಸರೇ ಹುಟ್ಟದ ಕಾಲದ ರೈತನದೂ ಇರಬಹುದು. ಹಳೆಯ ಮೂಳೆ ಮಣ್ಣಿನ ಬಣ್ಣಕ್ಕೆ ತಿರುಗಿರುತ್ತದೆ, ಜಿಡ್ಡು ಹೋಗಿ ಹಗುರವಾಗಿರುತ್ತದೆ, ನಾಲಿಗೆಗೆ ತಾಗಿಸಿದರೆ ಅಂಟುತ್ತದೆ ಎಂದು ಹಳಬರು ಹೇಳುತ್ತಿದ್ದರು. ಆದರೆ ಕೊನೆಗೂ ನಂಬಬೇಕಾದ್ದು ಮೂಳೆಯ ಸುತ್ತಲಿನ ವಸ್ತುವನ್ನು: ಪಕ್ಕದಲ್ಲಿ ಕೈಯಲ್ಲಿ ಮಾಡಿದ ಬೂದುಬಣ್ಣದ ಮಡಕೆ ಇದೆಯೋ, ಪ್ಲಾಸ್ಟಿಕ್ ಗುಂಡಿ ಇದೆಯೋ.

ಈ ಎರಡು ತುದಿಗಳ ನಡುವೆ, ನೂರಿನ್ನೂರು ವರ್ಷಗಳಿಂದ ನಮ್ಮ ಜನ ತಮ್ಮ ತಮ್ಮ ಸಂಪ್ರದಾಯದಂತೆ ಹೂತವರ ಮೂಳೆಗಳಿವೆ. ಇಲ್ಲಿ ನನಗೆ ಬಹಳ ಮುಖ್ಯವೆನಿಸುವ ಒಂದು ಮಾತಿದೆ. ಹೊರದೇಶದ ಕೈಪಿಡಿಗಳಲ್ಲಿ ಅದು ಸಿಗುವುದಿಲ್ಲ. ಸುತ್ತೂರು ಮಠವಿರುವ ನಂಜನಗೂಡು ತಾಲ್ಲೂಕಿನಲ್ಲಿ ಲಿಂಗಾಯತರ ಸಂಖ್ಯೆ ದೊಡ್ಡದು. ಅವರು ತೀರಿಹೋದವರನ್ನು ಪದ್ಮಾಸನದಲ್ಲಿ ಕೂರಿಸಿ, ಎಡಗೈಯಲ್ಲಿ ಇಷ್ಟಲಿಂಗವಿಟ್ಟು, ವಿಭೂತಿ ಪತ್ರೆ ಹಾಕಿ ಸಮಾಧಿ ಮಾಡುತ್ತಾರೆ. ವರ್ಷಗಳು ಕಳೆದು ಮಾಂಸ ಕರಗಿದಾಗ ಕೂತ ಭಂಗಿ ಹಾಗೆಯೇ ನಿಲ್ಲುವುದಿಲ್ಲ. ತಲೆಬುರುಡೆ ಕೆಳಗೆ ಜಾರಿ ತೊಡೆಗಳ ನಡುವೆ ಬೀಳುತ್ತದೆ, ಪಕ್ಕೆಲುಬುಗಳು ಕುಸಿದು ಸೊಂಟದ ಮೂಳೆಯ ಮೇಲೆ ರಾಶಿಯಾಗುತ್ತವೆ, ಬೆನ್ನುಮಣಿಗಳು ಒಂದರ ಮೇಲೊಂದು ಬಿದ್ದಿರುತ್ತವೆ. ಮಡಿಸಿದ ಕಾಲು ಮಾತ್ರ ತಳದಲ್ಲಿ ತನ್ನ ಜಾಗದಲ್ಲೇ ಉಳಿದಿರುತ್ತದೆ. ಸಂಪ್ರದಾಯ ಗೊತ್ತಿಲ್ಲದ ಕಣ್ಣಿಗೆ ಇದು ಸಣ್ಣ ಗುಂಡಿಯಲ್ಲಿ ದೇಹವನ್ನು ಮುದುರಿ ತುರುಕಿ ಬಚ್ಚಿಟ್ಟಂತೆ ಕಾಣುತ್ತದೆ. ಗೊತ್ತಿರುವ ಕಣ್ಣು ಎಡಗೈ ಬೆರಳ ಮೂಳೆಗಳ ಸುತ್ತ ಇಷ್ಟಲಿಂಗವನ್ನು, ಮಣ್ಣಿನಲ್ಲಿ ವಿಭೂತಿಯ ಬಿಳಿಯನ್ನು ಹುಡುಕುತ್ತದೆ. ಮುಸ್ಲಿಮರ ಖಬರಿನಲ್ಲಿ ಮುಖ ಕಾಬಾದ ಕಡೆಗೆ, ಅಂದರೆ ನಮ್ಮಲ್ಲಿ ಪಶ್ಚಿಮಕ್ಕೆ, ಇರುತ್ತದೆ. ಕ್ರೈಸ್ತರ ಸಮಾಧಿಯಲ್ಲಿ ಪೆಟ್ಟಿಗೆಯ ಮರ ಕೊಳೆತು ಮೊಳೆಗಳು ಸಾಲಾಗಿ ಉಳಿದಿರುತ್ತವೆ. ಊರು ಬೆಳೆದು ಹಳೆಯ ಸ್ಮಶಾನದ ಮೇಲೆ ಸೈಟು ಬಿದ್ದಾಗ ಇವೆಲ್ಲ ಪಾಯದ ಗುಂಡಿಯಲ್ಲಿ ಹೊರಬರುತ್ತವೆ. ಯಾವುದೋ ಮನೆಯವರು ಗೌರವದಿಂದ ಕಳಿಸಿಕೊಟ್ಟ ಹಿರಿಯರನ್ನು ಕೊಲೆಯ ಸಾಕ್ಷ್ಯವೆಂದು ಗೋಣಿಚೀಲಕ್ಕೆ ತುಂಬುವುದು ಅವರಿಗೂ ತನಿಖೆಗೂ ಮಾಡುವ ಅನ್ಯಾಯ.

ಸುಟ್ಟ ಮೂಳೆಯ ಮಾತೂ ಹೀಗೇ. ತಿ.ನರಸೀಪುರದ ತ್ರಿವೇಣಿ ಸಂಗಮಕ್ಕೆ ಜನ ಅಸ್ಥಿ ಬಿಡಲು ಬರುತ್ತಾರೆ. ಬೇಸಿಗೆಯಲ್ಲಿ ನೀರು ಇಳಿದಾಗ ಮರಳಿನಲ್ಲಿ ಬೂದುಬಿಳುಪಿನ, ಬಿರುಕು ಬಿಟ್ಟ ಚೂರುಗಳು ಕಂಡರೆ ಅದರಷ್ಟಕ್ಕೇ ಅದು ಅಪರಾಧದ ಕುರುಹಾಗುವುದಿಲ್ಲ. ಚೆನ್ನಾಗಿ ಬೆಂದು ಬೆಳ್ಳಗಾದ ಮೂಳೆಯಲ್ಲಿ ಡಿಎನ್‌ಎ ಉಳಿಯುವುದೂ ಅಪರೂಪ.

ಈಗ ಮೂಳೆ ಎತ್ತುವ ಕೆಲಸ. ಇಲ್ಲಿ ಹಾಳಾದದ್ದನ್ನು ಆಮೇಲೆ ಯಾವ ಪ್ರಯೋಗಾಲಯವೂ ಸರಿಮಾಡಲಾರದು. ಅಸಹಜ ಸಾವೆಂದು ಕಂಡರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಸೆಕ್ಷನ್ನಿನಡಿ ಪೊಲೀಸರು ಪಂಚರ ಎದುರು ಮಹಜರು ಮಾಡಬೇಕು. ಹೂತದ್ದನ್ನು ತೆಗೆಸುವ ಅಧಿಕಾರ 196ನೇ ಸೆಕ್ಷನ್ನಿನಂತೆ ಮ್ಯಾಜಿಸ್ಟ್ರೇಟರದು. ನಮ್ಮಲ್ಲಿ ಸಾಮಾನ್ಯವಾಗಿ ತಹಶೀಲ್ದಾರರೋ ಉಪವಿಭಾಗಾಧಿಕಾರಿಯೋ ಎದುರು ನಿಲ್ಲುತ್ತಾರೆ. ಕಾನೂನು ಇಷ್ಟು ಹೇಳುತ್ತದೆ. ಗುಂಡಿಯೊಳಗೆ ಇಳಿದು ಏನು ಮಾಡಬೇಕೆಂಬುದನ್ನು ಪುರಾತತ್ವದವರಿಂದ ಕಲಿಯಬೇಕು.

ಒಮ್ಮೆ ಅಗೆದು ಮುಚ್ಚಿದ ನೆಲ ಮತ್ತೆ ಮೊದಲಿನಂತಾಗುವುದಿಲ್ಲ. ಮೇಲಿನ ಕಪ್ಪು ಮಣ್ಣು, ಕೆಳಗಿನ ಕೆಂಪು ಜಲ್ಲಿ, ಅದರಡಿಯ ಸುಣ್ಣದ ಉಂಡೆಗಳು ಒಂದಕ್ಕೊಂದು ಬೆರೆತುಹೋಗಿರುತ್ತವೆ. ಗುಂಡಿಯ ಜಾಗ ಹಳೆಯ ಬಟ್ಟೆಗೆ ಹಾಕಿದ ತೇಪೆಯಂತೆ ಎದ್ದು ಕಾಣುತ್ತದೆ. ಮೇಲ್ಮಣ್ಣನ್ನು ಕರಣೆಯಿಂದ ಕೆರೆದು ನೆಲವನ್ನು ಸಮಮಾಡಿದರೆ ಗುಂಡಿಯ ಅಂಚಿನ ಗೆರೆ ಮೂಡುತ್ತದೆ. ಆ ಗೆರೆಯೊಳಗೆ ಮಾತ್ರ ಇಳಿಯಬೇಕು. ಗುದ್ದಲಿಯ ಗುರುತು, ಚಪ್ಪಲಿಯ ಹೆಜ್ಜೆ ಗುಂಡಿಯ ಗೋಡೆಯಲ್ಲೂ ತಳದಲ್ಲೂ ಉಳಿದಿರುವುದುಂಟು. ಮೂಳೆ ಕಂಡಮೇಲೆ ಲೋಹದ ಉಪಕರಣ ಬದಿಗಿಟ್ಟು ಬಿದಿರ ಕಡ್ಡಿ, ಕುಂಚ ಹಿಡಿಯಬೇಕು. ಇಡೀ ಅಸ್ಥಿಪಂಜರ ತೆರೆದುಕೊಳ್ಳುವವರೆಗೆ ಒಂದು ಮೂಳೆಯನ್ನೂ ಎತ್ತುವಂತಿಲ್ಲ. ಫೋಟೊ, ನಕ್ಷೆ, ಅಳತೆ ಮುಗಿದ ಮೇಲೆಯೇ ಒಂದೊಂದಾಗಿ ತೆಗೆದು, ಎಡ ಬಲ ಬರೆದು, ಬೇರೆ ಬೇರೆ ಕಾಗದದ ಪೊಟ್ಟಣಕ್ಕೆ ಹಾಕಬೇಕು. ಪ್ಲಾಸ್ಟಿಕ್ ಚೀಲದಲ್ಲಿ ತೇವಕ್ಕೆ ಬೂಷ್ಟು ಹಿಡಿದು ಡಿಎನ್‌ಎ ಹಾಳಾಗುತ್ತದೆ.

ಇನ್ನು ಜರಡಿ. ವಯಸ್ಕರ ಮೈಯಲ್ಲಿ 206 ಮೂಳೆಗಳು. ಅದರಲ್ಲಿ ಎರಡು ಕೈ ಮತ್ತು ಎರಡು ಪಾದಗಳಲ್ಲೇ 106 ಇವೆ. ಅರ್ಧಕ್ಕಿಂತ ಹೆಚ್ಚು ಮೂಳೆಗಳು ಕಡಲೆಕಾಳಿನಿಂದ ಬೆರಳುದ್ದದವರೆಗಿನ ಚಿಕ್ಕವು. ಮಣ್ಣಿನಲ್ಲಿ ಅವು ಕಲ್ಲುಚೂರಿನಂತೆಯೇ ಕಾಣುತ್ತವೆ. ಗುಂಡಿಯಿಂದ ತೆಗೆದ ಪ್ರತಿ ಬಾಂಡ್ಲಿ ಮಣ್ಣನ್ನೂ ಸಣ್ಣ ಕಣ್ಣಿನ ಜರಡಿಯಲ್ಲಿ ಆಡಿಸದೆ ಚೆಲ್ಲಿದರೆ ಉಂಗುರ ತೊಟ್ಟ ಬೆರಳು ಹೋಯಿತು, ದವಡೆಯಿಂದ ಕಳಚಿದ ಮುಂದಿನ ಹಲ್ಲು ಹೋಯಿತು, ಗುಂಡೇಟು ಬಿದ್ದಿದ್ದರೆ ಸೀಸದ ಚೂರು ಹೋಯಿತು, ಗಂಟಲಿನ ಕಮಾನು ಮೂಳೆಯೂ ಹೋಯಿತು. ಕುತ್ತಿಗೆ ಹಿಸುಕಿದ ಸಾವುಗಳಲ್ಲಿ ಕೆಲವೊಮ್ಮೆ ಮುರಿದಿರುವ ಮೂಳೆ ಅದು. ಅಸ್ಥಿಪಂಜರ ಎತ್ತಿದ ಮೇಲೂ ಅದರಡಿಯ ಒಂದು ಗೇಣು ಮಣ್ಣನ್ನು ಜರಡಿ ಹಿಡಿಯಬೇಕು. ನಮ್ಮ ಎರೆ ಹೊಲಗಳಲ್ಲಿ ಇನ್ನೊಂದು ತೊಡಕಿದೆ. ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗೆ ಹಿಗ್ಗುತ್ತದೆ. ಒಳಗಿನ ಮೂಳೆ ಇದ್ದಲ್ಲೇ ಇರುವುದಿಲ್ಲ, ಬಿರುಕಿನಲ್ಲಿ ಕೆಳಗಿಳಿಯುತ್ತದೆ, ಸೀಳುತ್ತದೆ. ಆ ಸೀಳನ್ನು ಏಟಿನ ಗುರುತೆಂದು ಓದುವ ಅಪಾಯವಿದೆ.

2025ರ ಜುಲೈ ಕೊನೆಯಲ್ಲಿ, ಶವಗಳನ್ನು ಹೂಳಲಾಗಿದೆ ಎಂಬ ಆರೋಪದ ಮೇಲೆ ಧರ್ಮಸ್ಥಳದ ಬಳಿ ವಿಶೇಷ ತನಿಖಾ ತಂಡ ನೆಲ ಅಗೆಸಲು ಆರಂಭಿಸಿದಾಗ ಇಡೀ ರಾಜ್ಯ ಅದನ್ನು ಟಿವಿಯಲ್ಲಿ ನೋಡಿತು. ಆ ಪ್ರಕರಣದ ಸತ್ಯಾಸತ್ಯ ತೀರ್ಮಾನಿಸುವುದು ತನಿಖೆ ಮತ್ತು ನ್ಯಾಯಾಲಯದ ಕೆಲಸ, ಅದನ್ನಿಲ್ಲಿ ಚರ್ಚಿಸುವುದಿಲ್ಲ. ಆದರೆ ಆ ದಿನಗಳಲ್ಲಿ ನೆಲದೊಳಗೆ ಇಣುಕುವ ರಾಡಾರ್ ಬಗ್ಗೆ ಹಬ್ಬಿದ ತಪ್ಪು ತಿಳಿವಳಿಕೆಯನ್ನು ಸರಿಪಡಿಸಬೇಕು. ಆ ಯಂತ್ರ ಮೂಳೆಯನ್ನು ತೋರಿಸುವುದಿಲ್ಲ. ಒಂದು ಕಾಲದಲ್ಲಿ ಕದಡಿದ ಮಣ್ಣು ಸುತ್ತಲ ಮಣ್ಣಿಗಿಂತ ಬೇರೆಯಾಗಿದೆ ಎಂಬುದನ್ನಷ್ಟೇ ತೋರಿಸುತ್ತದೆ. ಕದಡಿದ್ದು ಸಮಾಧಿಯೋ, ಮರದ ಬೇರೋ, ಹಳೆಯ ಪೈಪಿನ ಕಾಲುವೆಯೋ ಎಂದು ತಿಳಿಯಲು ಕರಣೆ ಹಿಡಿದೇ ಇಳಿಯಬೇಕು. ಅಗೆಯುವ ಯಂತ್ರ ಬೇಕಾದ ಸಂದರ್ಭಗಳಿವೆ, ಆದರೆ ಅದರ ಹಲ್ಲಿಗೆ ಗುಂಡಿಯ ಅಂಚು ಕಾಣುವುದಿಲ್ಲ.

ಮೂಳೆಗಳು ಸೀಲಾಗಿ ಮೈಸೂರಿಗೆ ಬರುತ್ತವೆ ಎನ್ನೋಣ. ಮೇಜಿನ ಮೇಲೆ ಅವನ್ನು ಮನುಷ್ಯ ಮಲಗಿದ ಕ್ರಮದಲ್ಲಿ ಜೋಡಿಸುವುದು ಮೊದಲ ಕೆಲಸ. ಒಂದೇ ಬದಿಯ ಎರಡು ತೊಡೆಮೂಳೆ ಸಿಕ್ಕರೆ ಅಲ್ಲಿರುವುದು ಒಬ್ಬರಲ್ಲ, ಕನಿಷ್ಠ ಇಬ್ಬರು. ಆಮೇಲೆ ಹೆಣ್ಣೋ ಗಂಡೋ ಎಂಬ ಪ್ರಶ್ನೆ. ಇದಕ್ಕೆ ಸೊಂಟದ ಮೂಳೆಯಷ್ಟು ನಂಬಿಕಸ್ತ ಸಾಕ್ಷಿ ಇನ್ನೊಂದಿಲ್ಲ. ಅದರ ಹಿಂಬದಿಯಲ್ಲಿ, ಕಾಲಿಗೆ ಇಳಿಯುವ ದಪ್ಪ ನರ ಹಾದುಹೋಗುವಲ್ಲಿ, ಒಂದು ಕಚ್ಚು ಇದೆ. ಅದರೊಳಗೆ ಹೆಬ್ಬೆರಳಿಟ್ಟು ನೋಡಿ ಎಂದು ಮೇಷ್ಟ್ರುಗಳು ವಿದ್ಯಾರ್ಥಿಗಳಿಗೆ ಹೇಳಿಕೊಡುತ್ತಾರೆ. ಗಂಡಿನ ಮೂಳೆಯಲ್ಲಿ ಕಚ್ಚು ಇಕ್ಕಟ್ಟು, ಹೆಬ್ಬೆರಳು ಅಲ್ಲೇ ಬಿಗಿಯಾಗುತ್ತದೆ. ಹೆಣ್ಣಿನದರಲ್ಲಿ ಅಗಲ, ಬೆರಳನ್ನು ಎಡಕ್ಕೂ ಬಲಕ್ಕೂ ಆಡಿಸಬಹುದು. ಮುಂಬದಿಯಲ್ಲಿ ಎರಡು ಮೂಳೆ ಕೂಡುವಲ್ಲಿನ ಕೋನವೂ ಹೆಣ್ಣಿನಲ್ಲಿ ಹೆಚ್ಚು ತೆರೆದಿರುತ್ತದೆ. ಹೆರಿಗೆಗೆ ಬೇಕಾದ ಜಾಗವೇ ಇದಕ್ಕೆಲ್ಲ ಕಾರಣ. ತಲೆಬುರುಡೆಯಲ್ಲಿ ಹುಬ್ಬಿನ ಏಣು, ಕಿವಿಯ ಹಿಂದಿನ ಗುಬ್ಬಿ, ಗಲ್ಲದ ಆಕಾರ ನೋಡುತ್ತಾರೆ. ಅಮೆರಿಕದ ವಿಲ್ಟನ್ ಕ್ರೋಗ್‌ಮನ್ 1962ರಲ್ಲಿ ಪ್ರಕಟಿಸಿದ ಪುಸ್ತಕದ ಲೆಕ್ಕ ನಮ್ಮ ಕಾಲೇಜುಗಳಲ್ಲಿ ಇಂದಿಗೂ ಹೇಳಿಕೊಡುವಂಥದು: ಸೊಂಟದ ಮೂಳೆಯಿಂದ ಶೇ 95, ಬುರುಡೆಯಿಂದ ಶೇ 90, ಉದ್ದ ಮೂಳೆಗಳಿಂದ ಶೇ 80ರಷ್ಟು ಸರಿ. ಆದರೆ ಅವರು ಅಳೆದದ್ದು ಅಲ್ಲಿನ ಜನರ ಮೂಳೆಗಳನ್ನು. ಸಣ್ಣ ಮೈಕಟ್ಟಿನ ನಮ್ಮ ಗಂಡಸಿನ ಬುರುಡೆಯನ್ನು ಹೆಣ್ಣಿನದೆಂದು ತಪ್ಪಾಗಿ ಓದುವ ಸಾಧ್ಯತೆ ಇದ್ದೇ ಇದೆ. ಪ್ರಾಯಕ್ಕೆ ಬಾರದ ಮಕ್ಕಳ ಮೂಳೆಯಲ್ಲಂತೂ ಈ ಗುರುತುಗಳು ಇನ್ನೂ ಮೂಡಿರುವುದಿಲ್ಲ.

ವಯಸ್ಸಿನ ವಿಷಯದಲ್ಲಿ ಉಲ್ಟಾ. ಮಕ್ಕಳ ವಯಸ್ಸನ್ನು ಹಲ್ಲು ಬಹಳ ಚೆನ್ನಾಗಿ ಹೇಳುತ್ತದೆ: ಆರರ ಹೊತ್ತಿಗೆ ಮೊದಲ ಶಾಶ್ವತ ದವಡೆಹಲ್ಲು, ಹನ್ನೆರಡರ ಹೊತ್ತಿಗೆ ಎರಡನೆಯದು. ಹದಿಹರೆಯದಲ್ಲಿ ಉದ್ದ ಮೂಳೆಗಳ ತುದಿಯ ತುಣುಕುಗಳು ನಡುಭಾಗಕ್ಕೆ ಬೆಸೆದುಕೊಳ್ಳುತ್ತವೆ. ಎಲ್ಲಕ್ಕಿಂತ ಕೊನೆಗೆ ಬೆಸೆಯುವುದು ಎದೆಯ ಕಡೆಗಿನ ಕೊರಳೆಲುಬಿನ ತುದಿ, ಇಪ್ಪತ್ತು ದಾಟಿದ ಮೇಲೆ. ಜಿ. ಗಾಲ್‌ಸ್ಟನ್ 1937ರಲ್ಲಿ ಬಂಗಾಳದ ಮಕ್ಕಳ ಮೇಲೆ ನಡೆಸಿದ ಅಧ್ಯಯನದ ಪಟ್ಟಿಯನ್ನು ನಮ್ಮ ನ್ಯಾಯಾಲಯಗಳು ದಶಕಗಳ ಕಾಲ ಆಧಾರವಾಗಿಟ್ಟುಕೊಂಡವು. ಮೂವತ್ತು ದಾಟಿದ ಮೇಲೆ ಮೂಳೆ ಬೆಳೆಯುವುದಿಲ್ಲ, ಸವೆಯುತ್ತದೆ ಅಷ್ಟೆ. ಸವೆತ ಒಬ್ಬೊಬ್ಬರಲ್ಲಿ ಒಂದೊಂದು ರೀತಿ. ‘35ರಿಂದ 50’ ಎಂದು ಬರೆದ ತಜ್ಞರು ಪ್ರಾಮಾಣಿಕರು, ‘42 ವರ್ಷ’ ಎಂದು ಬರೆದವರನ್ನು ಅನುಮಾನಿಸಬೇಕು.

ಎತ್ತರಕ್ಕೆ ತೊಡೆಮೂಳೆ. ಅದು ಒಬ್ಬರ ಎತ್ತರದ ಕಾಲುಭಾಗಕ್ಕಿಂತ ತುಸು ಹೆಚ್ಚಿರುತ್ತದೆ. 45 ಸೆಂ.ಮೀ. ಮೂಳೆ ಸಿಕ್ಕರೆ ಆ ವ್ಯಕ್ತಿ 165 ಸೆಂ.ಮೀ. ಆಸುಪಾಸು, ಮೂರ್ನಾಲ್ಕು ಸೆಂ.ಮೀ. ಆಚೀಚೆ. ಇಲ್ಲೂ ಜನಾಂಗಕ್ಕೆ ತಕ್ಕ ಸೂತ್ರ ಬೇಕೆಂದು 1924ರಲ್ಲೇ ಪಾನ್ ಎಂಬ ವಿದ್ವಾಂಸರು ಪೂರ್ವ ಭಾರತದವರ ಅಳತೆ ಕೊಟ್ಟರು.

ನನ್ನನ್ನು ಹೆಚ್ಚು ಸೆಳೆಯುವುದು ಬದುಕಿದ ರೀತಿ ಮೂಳೆಯಲ್ಲಿ ಉಳಿಸುವ ಗುರುತು. ಕುಕ್ಕರಗಾಲಲ್ಲಿ ಕೂತು ಕಳೆ ಕೀಳುವ, ಒಲೆ ಊದುವ, ಬೀಡಿ ಸೇದುತ್ತ ಹರಟುವ ಜನರ ಮೊಣಕಾಲಿನಿಂದ ಪಾದಕ್ಕೆ ಬರುವ ಮೂಳೆಯ ಕೆಳತುದಿಯಲ್ಲಿ ಒಂದು ಹೆಚ್ಚುವರಿ ನುಣುಪು ಜಾಗ ಮೂಡುತ್ತದೆ. ಕುರ್ಚಿಯ ಜನರಲ್ಲಿ ಅದು ವಿರಳ. ತಲೆಹೊರೆ ಹೊತ್ತವರ ಕತ್ತಿನ ಮಣಿಗಳು ಬೇಗ ಸವೆಯುತ್ತವೆ. ಎಲೆಅಡಿಕೆ ಹಲ್ಲಿನ ಮೇಲೆ ಕೆಂಗಂದು ಕರೆ ಬಿಡುತ್ತದೆ. ದಕ್ಷಿಣ ಏಷ್ಯಾದ ಪ್ರಾಚೀನ ಅಸ್ಥಿಪಂಜರಗಳನ್ನು ಜೀವಮಾನವಿಡೀ ಓದಿದ ಕಾರ್ನೆಲ್ ವಿಶ್ವವಿದ್ಯಾಲಯದ ಕೆನೆತ್ ಕೆನಡಿ ಇಂಥ ದುಡಿಮೆಯ ಗುರುತುಗಳ ಬಗ್ಗೆ ದೀರ್ಘವಾಗಿ ಬರೆದಿದ್ದಾರೆ. ಅವರು ಅಮೆರಿಕದ ನ್ಯಾಯಾಲಯಗಳಿಗೂ ನೆರವಾದ ವಿಧಿವಿಜ್ಞಾನ ತಜ್ಞರಾಗಿದ್ದರು. ಈ ಗುರುತುಗಳಿಂದ ಯಾರ ಕಸುಬನ್ನೂ ಖಚಿತವಾಗಿ ಹೇಳಲಾಗದು. ಆದರೂ ತಿ.ನರಸೀಪುರದ ಗದ್ದೆಯಲ್ಲಿ ನಾಟಿ ಮಾಡಿದ ಹೆಂಗಸಿನ ಬದುಕು ಅವರ ಕಾಲಮೂಳೆಯಲ್ಲಿ ಬರೆದುಕೊಂಡಿದೆ ಎನ್ನುವುದು ನನ್ನ ಪಾಲಿಗೆ ಸಣ್ಣ ಮಾತಲ್ಲ.

ಇಷ್ಟೆಲ್ಲ ಆದ ಮೇಲೆ ಕೈಯಲ್ಲಿರುವುದು ಒಂದು ವಿವರಣೆ: ಹೆಣ್ಣು, 30ರಿಂದ 45, ಐದಡಿ, ಎಡ ಮುಂಗೈ ಹಿಂದೊಮ್ಮೆ ಮುರಿದು ಕೂಡಿದೆ. ಜಿಲ್ಲೆಯಲ್ಲಿ ಇದಕ್ಕೆ ಹೊಂದುವವರು ಎಷ್ಟು ಸಾವಿರ ಮಂದಿಯೋ. ಇಲ್ಲಿಂದ ಹೆಸರಿಗೆ ಹೋಗಲು ಬದುಕಿದ್ದಾಗಿನ ದಾಖಲೆ ಬೇಕು. ಹಲ್ಲಿನ ಎಕ್ಸ್‌ರೇ, ಮುರಿತದ ಎಕ್ಸ್‌ರೇ, ಕಾಲೊಳಗೆ ಕೂರಿಸಿದ ಪ್ಲೇಟಿನ ಮೇಲಿನ ಸಂಖ್ಯೆ, ಇಲ್ಲವೇ ರಕ್ತಸಂಬಂಧಿಯ ಡಿಎನ್‌ಎ. 1935ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರಿನಲ್ಲಿದ್ದ ಮುಂಬೈ ಮೂಲದ ವೈದ್ಯ ಬಕ್ ರಕ್ಸ್‌ಟನ್ ಹೆಂಡತಿಯನ್ನೂ ಕೆಲಸದಾಕೆಯನ್ನೂ ಕೊಂದು ತುಂಡುಮಾಡಿ ಸ್ಕಾಟ್ಲೆಂಡಿನ ಹಳ್ಳವೊಂದರಲ್ಲಿ ಎಸೆದಿದ್ದ. ಗ್ಲೇಸ್ಟರ್ ಮತ್ತು ಬ್ರ್ಯಾಶ್ ಎಂಬ ತಜ್ಞರು ಬುರುಡೆಯ ಚಿತ್ರವನ್ನು ಹೆಂಡತಿಯ ಫೋಟೊ ಮೇಲೆ ಕೂರಿಸಿ ತೋರಿಸಿದರು. ಆ ವಿಧಾನ ನಮ್ಮ ಪ್ರಯೋಗಾಲಯಗಳಲ್ಲಿ ಈಗಲೂ ಇದೆ, ಕಂಪ್ಯೂಟರಿನ ನೆರವಿನಿಂದ. ಅದರ ನಿಜವಾದ ಬಲವಿರುವುದು ‘ಇವರಲ್ಲ’ ಎಂದು ಹೇಳುವುದರಲ್ಲಿ. ಹೊಂದಿತು ಎಂದ ಮಾತ್ರಕ್ಕೆ ಅವರೇ ಎಂದಾಗುವುದಿಲ್ಲ.

ಈಗ, ಆಮೇಲೆ ಬರುತ್ತೇನೆಂದಿದ್ದ ಪ್ರಕರಣ. ಕುಶಾಲನಗರದ ಕಡೆಯ ಬುಡಕಟ್ಟು ಸಮುದಾಯದ ಕೂಲಿಕಾರರೊಬ್ಬರು ಹೆಂಡತಿ ಕಾಣೆಯಾಗಿದ್ದಾಳೆಂದು ತಾವೇ ಠಾಣೆಗೆ ಹೋಗಿ ದೂರು ಕೊಟ್ಟರು. ಇತ್ತ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲ್ಲೂಕು ಬೆಟ್ಟದಪುರ ಠಾಣೆಯ ವ್ಯಾಪ್ತಿಯಲ್ಲಿ ಒಂದು ಅಸ್ಥಿಪಂಜರ ಸಿಕ್ಕಿತ್ತು. ಕಾಣೆಯಾದ ಹೆಂಗಸಿಗೂ ಸಿಕ್ಕ ಮೂಳೆಗೂ ಗಂಟು ಹಾಕಲಾಯಿತು. ಗಂಡನ ಮೇಲೆ ಕೊಲೆಯ ದೋಷಾರೋಪ ಪಟ್ಟಿ ಹೋಯಿತು, ಅವರು ಒಂದೂವರೆ ವರ್ಷದಷ್ಟು ಕಾಲ ಜೈಲಿನಲ್ಲಿ ಕಳೆದರು. ಹೆಂಡತಿಯ ತಾಯಿಯ ರಕ್ತದ ಜೊತೆ ಹೋಲಿಸಿದ ಡಿಎನ್‌ಎ ಹೊಂದಲಿಲ್ಲ. ಆದರೂ ಮೊಕದ್ದಮೆ ನಿಲ್ಲಲಿಲ್ಲ. 2025ರ ಏಪ್ರಿಲ್ 1ರಂದು ಆ ಹೆಂಡತಿ ಮಡಿಕೇರಿಯಲ್ಲಿ ಜೀವಂತವಾಗಿ ಕಣ್ಣಿಗೆ ಬಿದ್ದರು. ಅದೇ ತಿಂಗಳು ಮೈಸೂರಿನ ನ್ಯಾಯಾಲಯ ಗಂಡನನ್ನು ಬಿಡುಗಡೆ ಮಾಡಿ 1 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು.

ಈ ಕತೆಯಲ್ಲಿ ವಿಜ್ಞಾನ ಸೋಲಲಿಲ್ಲ. ಅದು ಸರಿಯಾದ ಉತ್ತರವನ್ನೇ ಕೊಟ್ಟಿತ್ತು. ಸೋತದ್ದು ಕ್ರಮ. ಮೊದಲು ಹೆಸರು ತೀರ್ಮಾನಿಸಿ ಆಮೇಲೆ ಮೂಳೆಯನ್ನು ಅದಕ್ಕೆ ಹೊಂದಿಸಲು ಹೊರಟರೆ ಸೀರೆ, ಬಳೆ, ಚಪ್ಪಲಿ ಎಲ್ಲವೂ ಹೊಂದುತ್ತವೆ. ಸಂತೆಯಲ್ಲಿ ಒಂದೇ ಅಚ್ಚಿನ ಸೀರೆ ನೂರು ಜನ ಕೊಳ್ಳುತ್ತಾರೆ. ಹೆದರಿದ ಬಡವರು ಪೊಲೀಸರು ತೋರಿಸಿದ್ದಕ್ಕೆ ಹೂಂ ಎನ್ನುತ್ತಾರೆ. ಮತ್ತೊಂದು ಪ್ರಶ್ನೆಯನ್ನು ಬಹಳ ಮಂದಿ ಕೇಳಲೇ ಇಲ್ಲ: ಹಾಗಾದರೆ ಬೆಟ್ಟದಪುರದಲ್ಲಿ ಸಿಕ್ಕವರು ಯಾರು? ಅವರಿಗೂ ತಾಯಿ ಇದ್ದಿರಬೇಕು, ಅವರಿಗಾಗಿ ಯಾವುದೋ ಠಾಣೆಯಲ್ಲಿ ನಾಪತ್ತೆ ದೂರು ಇರಬಹುದು. ತಪ್ಪು ಹೆಸರು ಕೊಟ್ಟ ಒಂದು ನಿರ್ಧಾರದಿಂದ ಬದುಕಿದ್ದವರೊಬ್ಬರು ಜೈಲು ಸೇರಿದರು, ಸತ್ತವರೊಬ್ಬರನ್ನು ಹುಡುಕುವ ದಾರಿ ಮುಚ್ಚಿಹೋಯಿತು.

ಹೋಲಿಸಲು ಏನೂ ಇಲ್ಲದಾಗಲೂ ಮೂಳೆ ಎಷ್ಟು ದೂರ ಕರೆದೊಯ್ಯಬಲ್ಲದು ಎನ್ನುವುದಕ್ಕೆ ಪಂಜಾಬಿನ ಅಜನಾಲಾ ಉದಾಹರಣೆ. ಅಲ್ಲಿನ ಹಳೆಯ ಬಾವಿಯೊಂದರಿಂದ 2014ರಲ್ಲಿ ಹೊರತೆಗೆದ ಮೂಳೆಗಳು ಯಾರವು ಎಂಬ ವಾದವಿತ್ತು. ಪಂಜಾಬ್ ವಿಶ್ವವಿದ್ಯಾಲಯದ ಜೆ.ಎಸ್. ಸೆಹ್ರಾವತ್ ಮತ್ತು ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯವರೂ ಸೇರಿದ ತಂಡ ಹಲ್ಲುಗಳಿಂದ ತಾಯಿಯ ಕಡೆಯಿಂದ ಬರುವ ಡಿಎನ್‌ಎಯನ್ನೂ, ಬಾಲ್ಯದಲ್ಲಿ ಕುಡಿದ ನೀರಿನ ಗುರುತನ್ನು ಉಳಿಸಿಕೊಳ್ಳುವ ಆಮ್ಲಜನಕದ ಐಸೊಟೋಪುಗಳನ್ನೂ ಪರೀಕ್ಷಿಸಿತು. ಅವರು ಗಂಗಾ ಬಯಲಿನವರು, 1857ರಲ್ಲಿ ಬ್ರಿಟಿಷರು ಕೊಂದ ಬಂಗಾಳ ಪದಾತಿ ದಳದ ಸಿಪಾಯಿಗಳು ಎಂಬುದಕ್ಕೆ ಇದು ಬಲ ಕೊಡುತ್ತದೆಂದು 2022ರಲ್ಲಿ ಪ್ರಕಟಿಸಿತು. ಊರಸೀಮೆ ಗೊತ್ತಾಯಿತು. ಹೆಸರುಗಳು ಗೊತ್ತಾಗಲಿಲ್ಲ, ಏಕೆಂದರೆ ಹೋಲಿಸಲು ಯಾರೂ ಇರಲಿಲ್ಲ.

ನಮ್ಮಲ್ಲಿ ಕಾಣೆಯಾದವರಿಗೆ ಹೋಲಿಸಲು ಜನರಿದ್ದಾರೆ, ವ್ಯವಸ್ಥೆ ಇಲ್ಲ. ಅನಾಮಧೇಯ ಶವಗಳ ಡಿಎನ್‌ಎ ದಾಖಲಿಸಿ ಕಾಣೆಯಾದವರ ಜೊತೆ ಹೋಲಿಸಬೇಕೆಂದು ಲೋಕನೀತಿ ಪ್ರತಿಷ್ಠಾನ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಮಸೂದೆ ತರುತ್ತೇವೆಂದು ಕೇಂದ್ರ ಹೇಳಿದ್ದರಿಂದ 2018ರಲ್ಲಿ ಆ ಅರ್ಜಿ ಮುಗಿಯಿತು. 2019ರ ಡಿಎನ್‌ಎ ಮಸೂದೆಯಲ್ಲಿ ಕಾಣೆಯಾದವರಿಗೂ ಗುರುತು ಸಿಗದ ಮೃತರಿಗೂ ಪ್ರತ್ಯೇಕ ಸೂಚಿ ಇಡುವ ಮಾತಿತ್ತು. 2023ರ ಜುಲೈನಲ್ಲಿ ಸರ್ಕಾರ ಅದನ್ನು ಹಿಂತೆಗೆದುಕೊಂಡಿತು. ಆರೋಪಿಗಳ ಡಿಎನ್‌ಎ ಕೂಡಿಡುವ ಬಗ್ಗೆ ಖಾಸಗಿತನದ ಆತಂಕ ಎತ್ತಿದವರ ಮಾತಿನಲ್ಲಿ ಹುರುಳಿತ್ತು. ಆದರೆ ಮಗನನ್ನು ಹುಡುಕಲು ತಾಯಿ ತಾನಾಗಿ ಕೊಡುವ ಒಂದು ಹನಿ ರಕ್ತಕ್ಕೆ ಆ ಆತಂಕ ಅಡ್ಡಬರಬೇಕಿರಲಿಲ್ಲ. ಆ ಎರಡು ಸೂಚಿಗಳನ್ನಷ್ಟೇ ಬೇರೆಯಾಗಿ ತರಲು ಸಾಧ್ಯವಿದೆ, ತರಬೇಕು.

ಮೈಸೂರಿಗೆ ಈ ವಿಷಯದಲ್ಲಿ ಬೇರೆ ಜಿಲ್ಲೆಗಳಿಗಿಲ್ಲದ ಅನುಕೂಲವಿದೆ. 1924ರಲ್ಲಿ ಶುರುವಾದ ವೈದ್ಯಕೀಯ ಕಾಲೇಜು ಇಲ್ಲಿದೆ, ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯ ಇದೆ, ಮಾನಸಗಂಗೋತ್ರಿಯಲ್ಲಿ ಮಾನವಶಾಸ್ತ್ರ ವಿಭಾಗವಿದೆ, ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯ ದಕ್ಷಿಣ ಪ್ರಾದೇಶಿಕ ಕೇಂದ್ರವಿದೆ, ನೆಲ ಅಗೆಯುವುದನ್ನು ಬಲ್ಲ ಪುರಾತತ್ವ ಇಲಾಖೆಯಿದೆ. ಮೂಳೆ ಸಿಕ್ಕ ಫೋನು ಬಂದ ದಿನವೇ ಇವರಲ್ಲೊಬ್ಬರು ಠಾಣೆಯವರ ಜೊತೆ ಸ್ಥಳಕ್ಕೆ ಹೊರಡುವ ಏರ್ಪಾಡು ಜಿಲ್ಲಾ ಮಟ್ಟದಲ್ಲೇ ಆಗಬಹುದು. ಏಳು ವರ್ಷ ಅಥವಾ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕೆಂದು ಹೊಸ ಸಂಹಿತೆಯೇ ಹೇಳುತ್ತದೆ. ಆ ತಜ್ಞರಲ್ಲಿ ಮೂಳೆ ಬಲ್ಲವರೊಬ್ಬರು ಇರಲಿ ಎಂಬುದಷ್ಟೇ ಕೇಳಿಕೆ.

ಮನೆಯವರು ಮಾಡಬಹುದಾದ್ದೂ ಇದೆ. ಯಾರಾದರೂ ಕಾಣೆಯಾದರೆ ಠಾಣೆಗೆ ಕೊಡುವ ಫೋಟೊಗಳಲ್ಲಿ ಹಲ್ಲು ಕಾಣುವಂತೆ ನಕ್ಕದ್ದು ಒಂದಿರಲಿ. ಪೆಟ್ಟಿಗೆಯ ತಳದಲ್ಲಿರುವ ಹಳೆಯ ಎಕ್ಸ್‌ರೇ ಫಿಲ್ಮನ್ನು ರದ್ದಿಗೆ ಹಾಕಬೇಡಿ. ಚಿಕ್ಕಂದಿನಲ್ಲಿ ಮರದಿಂದ ಬಿದ್ದು ಮುರಿದ ಕೈ, ಕೀಳಿಸಿದ ಹಲ್ಲು, ಕುಂಟು ನಡಿಗೆ, ಹೀಗೆ ಚಹರೆ ಪಟ್ಟಿಯಲ್ಲಿ ಜಾಗವಿಲ್ಲದ್ದನ್ನೂ ದೂರಿನಲ್ಲಿ ಬರೆಸಿ.

ವಾರಸುದಾರರು ಬಾರದ ಮೂಳೆಗಳನ್ನು ಕೊನೆಗೆ ಹೂಳುತ್ತಾರೆ. ಅದಕ್ಕೂ ಮುಂಚೆ ಒಂದು ದವಡೆಹಲ್ಲನ್ನೂ ತೊಡೆಮೂಳೆಯ ಒಂದು ತುಂಡನ್ನೂ ತೆಗೆದು ಇಡಬೇಕು. ಹೂತ ಜಾಗದ ಕಲ್ಲಿನ ಮೇಲೆ ಠಾಣೆಯ ಪ್ರಕರಣ ಸಂಖ್ಯೆ ಇರಬೇಕು, ಅದೇ ಸಂಖ್ಯೆ ಮರಣ ದಾಖಲೆಯ ಪುಸ್ತಕದಲ್ಲೂ ಇರಬೇಕು. ಇದಕ್ಕೆ ಸಂಸತ್ತಿನ ಮಸೂದೆ ಬೇಕಿಲ್ಲ, ನಂಜನಗೂಡು ನಗರಸಭೆ, ತಿ.ನರಸೀಪುರ ಪುರಸಭೆಯವರೂ ಠಾಣೆಯವರೂ ಒಂದು ಮಧ್ಯಾಹ್ನ ಕೂತು ಮಾತಾಡಿದರೆ ಮಾರನೆಯ ದಿನದಿಂದಲೇ ಶುರುಮಾಡಬಹುದು.